ತೆಳುವಿಗೆ ಹನ್ನೆರಡು ಪದ

ಬಂದ ನೆಂಟರೆಲ್ಲ ತಂತಮ್ಮ ಚೀಲ ಎತ್ತಿಕೊಂಡು ಹೊರಟುಹೋದ ಮೇಲಿನ ಮೊದಲ ಮಾಮೂಲಿ ಬೆಳಿಗ್ಗೆ ಅವಳು ಊಟದ ಡಬ್ಬಿಯ ಮುಂದೆ ಸುಮ್ಮನೆ ನಿಂತಿದ್ದಳು. ಡಬ್ಬಿಯಲ್ಲಿ ಅನ್ನ ಇತ್ತು. ಚೀಟಿ ಇರಲಿಲ್ಲ.

ಚೀಟಿಯ ವಿಷಯ ಹೇಳದೆ ಈ ಕತೆ ಮುಂದೆ ಹೋಗುವುದಿಲ್ಲ. ಅವಳ ಕೆಲಸ ಆಸ್ಪತ್ರೆಗಳ ವರದಿ ಟೈಪು ಮಾಡುವುದು. ಡಾಕ್ಟರುಗಳು ರೋಗಿಯನ್ನು ನೋಡಿ, ಪುಟ್ಟ ಯಂತ್ರವೊಂದಕ್ಕೆ ನಾಲ್ಕು ಮಾತು ಗೊಣಗುತ್ತಾರೆ. ಆ ಗೊಣಗಾಟವನ್ನು ಕೇಳಿಸಿಕೊಂಡು ಒಪ್ಪವಾದ ಇಂಗ್ಲಿಷಿನಲ್ಲಿ ಬರೆದು ಕಳಿಸುವ ಕಚೇರಿ ಅದು. ಕಟ್ಟಿದವರು ಒಬ್ಬ ನಿವೃತ್ತ ಹೆಡ್‌ಮಾಸ್ತರು. ‘ಒಂದೇ ಪುಟದಲ್ಲಿ ಒಂದೇ ಬಣ್ಣನೆಯ ಮಾತು ಎರಡು ಸಲ ಬರಕೂಡದು’ ಎಂದು ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಸಿ ತೀರಿಕೊಂಡಿದ್ದರು. ಅವರು ಹೋದರು, ಗೋಡೆ ಉಳಿಯಿತು. ವಾರ್ಡಿನ ಹನ್ನೆರಡು ಜನಕ್ಕೂ ಕೆಮ್ಮಿದ್ದರೆ ಹನ್ನೆರಡು ಬಗೆಯಾಗಿ ಕೆಮ್ಮಿಸಬೇಕು.

ಅವಳು ವಿಶ್ವವಿದ್ಯಾಲಯದಲ್ಲಿ ಓದಿದ್ದು ಸಸ್ಯಶಾಸ್ತ್ರ. ಎಲೆಯ ಅಂಚಿಗೆ ಮೂವತ್ತು ಹೆಸರು ಹೇಳಬಲ್ಲವಳಿಗೆ ಕೆಮ್ಮಿಗೆ ಗೊತ್ತಿದ್ದದ್ದು ಒಂದೇ. ಗಂಡ ಸಂಜೆಯ ಪಾಠಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರು. ನಾಳೆ ಯಾವ ವಾರ್ಡು ಎಂದು ಅವಳು ಹೇಳಿದರೆ ಸಾಕು, ಬೆಳಿಗ್ಗೆ ಡಬ್ಬಿಯ ಮುಚ್ಚಳದಡಿ ಒಂದು ಚೀಟಿ ಇರುತ್ತಿತ್ತು. ಅಚ್ಚುಕಟ್ಟಾದ ಅಕ್ಷರದಲ್ಲಿ ಹತ್ತು ಹನ್ನೆರಡು ಪದ. ರೋಗಿಗಳ ಗುಟ್ಟು ಹೊರಗೆ ಹೋಗಬಾರದೆಂದು ಕಚೇರಿಯಲ್ಲಿ ಮೊಬೈಲುಗಳನ್ನು ಬಾಗಿಲಲ್ಲೇ ಕಬ್ಬಿಣದ ಪೆಟ್ಟಿಗೆಗೆ ಹಾಕಿಸಿಕೊಳ್ಳುತ್ತಾರೆ. ಡಬ್ಬಿಯನ್ನು ಮಾತ್ರ ಯಾರೂ ತೆಗೆಸಿ ನೋಡುವುದಿಲ್ಲ. ಹೀಗೆ ಮೂರು ವರ್ಷದಲ್ಲಿ ಅವಳಿಗೆ ಕಚೇರಿಯಲ್ಲಿ ‘ಪದಮ್ಮ’ ಎಂದು ಹೆಸರು ಬಿದ್ದಿತ್ತು.

ಕೆಮ್ಮು, ಊತ, ಉರಿ, ತಲೆಸುತ್ತು, ಎಲ್ಲಕ್ಕೂ ಚೀಟಿ ಬಂದಿತ್ತು. ಒಂದಕ್ಕೆ ಬಿಟ್ಟು. “ರೋಗ ಬಂದು ತೆಳ್ಳಗಾಗ್ತಾರಲ್ಲ, ಅದಕ್ಕೂ ಬರ್ಕೊಡ್ರೀ” ಎಂದು ಅವಳು ಮೂರು ಸಲವಾದರೂ ಕೇಳಿದ್ದಳು. “ಆ ವಾರ್ಡು ಬಂದಾಗ ನೋಡೋಣ ಬಿಡೇ” ಎಂದು ಅವನು ಮೂರು ಸಲವೂ ಗೋಡೆಯ ಕಡೆ ತಿರುಗಿ ಮಲಗಿದ್ದ. ಹಾಸಿಗೆ ಹಿಡಿದ ಎಂಟು ತಿಂಗಳಲ್ಲೂ ಚೀಟಿ ತಪ್ಪಿಸಿದವನಲ್ಲ.

ಇವತ್ತು ಆ ವಾರ್ಡು ಬಂದಿತ್ತು. ಮಧ್ಯಾಹ್ನ ಮೂರಕ್ಕೆ ಪರೀಕ್ಷೆ. ಹಂಗಾಮಿ ಕೆಲಸದ ಮೂರು ವರ್ಷ ಈ ತಿಂಗಳಿಗೆ ಮುಗಿಯುತ್ತದೆ. ಪರೀಕ್ಷೆಯಲ್ಲಿ ಗೆದ್ದು, ಕಚೇರಿಯ ಡಾಕ್ಟರು ಆರೋಗ್ಯ ಸರಿ ಇದೆ ಎಂದರೆ ಕಾಯಂ. ಇಲ್ಲವಾದರೆ ಮನೆ. ಮನೆಯಲ್ಲಿ ಈಗ ಇದ್ದದ್ದು ಅವಳು, ಅತ್ತೆ, ಖಾಲಿ ಮಂಚ. ಪರೀಕ್ಷೆಗೆ ಆರಿಸಿದ್ದು ಏಳನೇ ವಾರ್ಡು. ಅಲ್ಲಿರುವವರೆಲ್ಲ ಕರಗುವ ರೋಗದವರು.

“ನೋಡೇ, ಕಾರ್ಡ್ ಬಂದಿದೆ, ಅವನ ಹೆಸರಿಗೆ” ಎಂದು ಅತ್ತೆ ಬಾಗಿಲಿಂದ ಕಾಲೆಳೆಯುತ್ತ ಬಂದರು. “ಬದುಕಿದ್ದಾಗ ಒಬ್ಬರೂ ಕಾಗದ ಹಾಕ್ಲಿಲ್ಲ.”

ಕಾರ್ಡು ಗ್ರಂಥಾಲಯದ್ದು. ‘ತಾವು ಎರವಲು ಪಡೆದ ಪುಸ್ತಕ, ಸಂಖ್ಯೆ ೬೧೪, ಎಂಟು ತಿಂಗಳಿಂದ ಬಂದಿಲ್ಲ. ಈ ಕಾರ್ಡು ಕೈಸೇರಿದ ದಿನವೇ ಸಂಜೆ ಆರೂವರೆಯೊಳಗೆ ತಲುಪಿಸುವುದು.’ ಯಾವ ಪುಸ್ತಕ ಎಂದು ಬರೆದಿರಲಿಲ್ಲ. ಅವಳು ಕಪಾಟು ನೋಡಿದಳು, ಮಂಚದ ಕೆಳಗೆ ನೋಡಿದಳು. ಪುಸ್ತಕ ಇರಲಿಲ್ಲ. ಅವನ ಒಂದು ಕಾಲುಚೀಲ ಸಿಕ್ಕಿತು. ಅದನ್ನು ಮತ್ತೆ ಅಲ್ಲೇ ಇಟ್ಟಳು.

ಅಷ್ಟರಲ್ಲಿ ಮೇಲ್ಮನೆಯ ದರ್ಜಿ ಅಕ್ಕ ಕತ್ತರಿ, ಸೂಜಿಡಬ್ಬಿ ಸಮೇತ ಇಳಿದುಬಂದಳು. ಸೊಸೆಯ ಕಚೇರಿಯ ಅಂಗಿ ಮೈಮೇಲೆ ನಿಲ್ಲುತ್ತಿಲ್ಲವೆಂದು ಅತ್ತೆಯೇ ಹೇಳಿಕಳಿಸಿದ್ದರು. ಅಕ್ಕ ನೆಲದ ಮೇಲೆ ಅಂಗಿ ಹರಡಿ, ಜರುಗದ ಹಾಗೆ ಅದರ ತೋಳಿನ ಮೇಲೆ ಅಳತೆ ಪುಸ್ತಕದಂತೆ ಕಾಣುವ ದಪ್ಪ ಕಂದು ರಟ್ಟಿನದೊಂದನ್ನು ಹೇರಿ, ಅವಳ ಸೊಂಟಕ್ಕೆ ಟೇಪು ಸುತ್ತಿದಳು.

“ಅಯ್ಯೋ ನನ್ನ ತಾಯಿ! ಟೇಪು ಎರಡು ಸುತ್ತು ಬರತ್ತಲ್ಲೇ! ಹೀಗೇ ಇಳೀತಾ ಹೋದ್ರೆ ಮುಂದಿನ ತಿಂಗಳು ಈ ಅಂಗೀಲಿ ನಿಂಗೊಂದು ಕರ್ಚೀಫ್ ಹೊಲಿದುಕೊಡ್ತೀನಿ.”

“ಸಣಕಲಾಗಿದಾಳೆ” ಎಂದರು ಅತ್ತೆ.

“ಸಣಕಲು ಅಂದ್ರೆ ಹೊಗಳಿದ ಹಾಗಾಯ್ತು. ಬಡಕಲು.”

“ಒಣಕಲು.”

“ನರಪೇತಲಿ. ಮೂಳೆ ಚಕ್ಕಳ. ಬೆಂಕಿಕಡ್ಡೀಗೆ ಸೀರೆ ಉಡಿಸಿದ ಹಾಗೆ.”

ಅವಳಿಗೆ ಕ್ಷಣಕಾಲ ಆಸೆ ಹುಟ್ಟಿತು. “ಅಕ್ಕಾ, ಇದನ್ನೇ ಇಂಗ್ಲಿಷಲ್ಲಿ ಹೇಳಿ ನೋಡೋಣ.”

“ಇಂಗ್ಲಿಷಲ್ಲಿ ಸೊರಗೋರು ಯಾರಿದಾರೆ ಮಾರಾಯ್ತಿ? ಅವರೆಲ್ಲ ಚೆನ್ನಾಗಿ ತಿನ್ಕೊಂಡಿದಾರೆ.” ಅಕ್ಕ ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ಅಂಗಿಗೆ ಚುಚ್ಚಿದಳು. “ಅದೇನು ಬೆಳಿಗ್ಗೆಯಿಂದ ಹುಡುಕ್ತಿದೀಯಂತೆ?”

“ಅವರದೊಂದು ಪುಸ್ತಕ.”

“ಸಿಗತ್ತೆ ಬಿಡು. ಹುಡುಕೋದನ್ನ ಬಿಟ್ಟಾಗಲೇ ಸಿಗೋದು” ಎಂದು ಅಕ್ಕ ಆ ಕಂದು ರಟ್ಟಿನದನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿದಳು.

ಕಚೇರಿಯ ಬಾಗಿಲಲ್ಲಿ ಮೊಬೈಲು ತೆಗೆದುಕೊಳ್ಳುವ ಕಾವಲುಗಾರ ಅವಳನ್ನು ನೋಡಿದವನೇ ಟೋಪಿ ತೆಗೆದ. “ಏನ್ ಮೇಡಂ, ಪೂರಾ ವೇಸ್ಟೆಡ್ ಆಗ್ಬಿಟ್ಟಿದೀರಲ್ಲ.” ಅವನು ಹಿಂದೆ ಆಸ್ಪತ್ರೆಯಲ್ಲಿ ಗಾಲಿಮಂಚ ತಳ್ಳುತ್ತಿದ್ದವನು. ಡಾಕ್ಟರುಗಳ ಬಾಯಿಂದ ಬಿದ್ದ ಮಾತುಗಳನ್ನೆಲ್ಲ ಜೋಪಾನವಾಗಿ ಇಟ್ಟುಕೊಂಡಿದ್ದ.

ಅವಳು ನಿಂತಳು. ಹೆಬ್ಬೆರಳು ತಾನಾಗಿ ಕಿರುಬೆರಳಿನ ಗೆಣ್ಣಿಗೆ ಹೋಯಿತು. ನಾಲ್ಕು ಬೆರಳು, ಬೆರಳಿಗೆ ಮೂರು ಗೆಣ್ಣು. ಹನ್ನೆರಡು. ಚೀಟಿ ಇಲ್ಲದಿದ್ದರೇನು, ಕೈ ಇದೆ. ಮಾತಾಡಿಸಲು ಬಂದವರಿಂದಲೇ ಪದ ಸಂಪಾದಿಸಬಹುದು.

ಆಮೇಲಿನ ಎರಡು ಗಂಟೆ ಪದಮ್ಮ ಮೇಜಿನಿಂದ ಮೇಜಿಗೆ ತಿರುಗಿದಳು. ಹಾಗೆ ಹೋಗಿ ನಿಂತುಕೊಂಡರೆ ಸಾಕು, ಜನ ತಲೆಯೆತ್ತಿ ನೋಡಿ ‘ಚ್ಚು ಚ್ಚು’ ಎಂದು ಒಂದು ಮಾತು ಹಾಕುತ್ತಿದ್ದರು. ಅದು ಕನ್ನಡದ್ದಾದರೆ ಇನ್ನೂ ಸ್ವಲ್ಪ ಹೊತ್ತು ನಿಲ್ಲುತ್ತಿದ್ದಳು. ಇಂಗ್ಲಿಷಿನದಾದರೆ ಗೆಣ್ಣಿಗೆ ಹಾಕಿಕೊಂಡು ಮುಂದಿನ ಮೇಜಿಗೆ. ಬೋನಿ ಸಿಕ್ಕಿತು. ಸ್ಕಿನಿ ಸಿಕ್ಕಿತು. ಅಂಡರ್‌ವೇಟ್ ಎರಡು ಸಲ ಸಿಕ್ಕಿತು, ಒಂದನ್ನು ಬಿಟ್ಟಳು.

ಊಟಕ್ಕೆ ಸೊಪ್ಪು ಮಾತ್ರ ತಿನ್ನುವ ಕ್ಯಾಲೊರಿ ಮೇಡಂ ಕಣ್ಣರಳಿಸಿದರು. “ಎಷ್ಟು ಸ್ಲಿಮ್ ಆಗಿದೀರ್ರೀ! ಏನ್ ಮಾಡಿದ್ರಿ?”

“ಯಜಮಾನರು ತೀರ್ಕೊಂಡ್ರು.”

“ಹೌದಲ್ವಾ! ಕ್ಷಮಿಸಿ, ಮರ್ತೇಬಿಟ್ಟಿದ್ದೆ.” ಮೇಡಂ ನಾಚಿಕೊಂಡರು. ಆದರೆ ಕಣ್ಣು ಅವಳ ಸೊಂಟದಿಂದ ಕದಲಲಿಲ್ಲ. “ಊಟ ಪೂರ್ತಿ ಬಿಟ್ರಾ, ರಾತ್ರೀದು ಮಾತ್ರಾನಾ?”

ಕರಡು ತಿದ್ದುವವರಿಗೆ ‘ಒತ್ತಕ್ಷರ’ ಎಂದು ಅಡ್ಡಹೆಸರು. ಕುಳ್ಳಗೆ, ಸದಾ ಯಾರದೋ ಕಾಲಬುಡದಲ್ಲಿ ಕೂತಿರುವಂತೆ ಕಾಣುತ್ತಿದ್ದರು. ಪದಗಳ ಖಜಾನೆ ಅವರ ತಲೆಯಲ್ಲಿತ್ತು, ಆದರೆ ಕೇಳಿದರೆ ಕೊಡುವವರಲ್ಲ, ತಪ್ಪು ಮಾಡಿದರೆ ಮಾತ್ರ ಕೊಡುವವರು. ಅವಳಿಗೆ ಅದು ಗೊತ್ತಿತ್ತು. “ಎಲ್ಲಾರೂ ನನ್ನ ಸ್ಲಿಮ್ ಅಂತಿದಾರೆ ಸರ್” ಎಂದಳು.

“ಸ್ಲಿಮ್ಮಾ?” ಒತ್ತಕ್ಷರ ಕುರ್ಚಿಯಿಂದ ಇಳಿದರು. “ಯಾವ ಅವಿವೇಕಿ ಅಂದಿದ್ದು? ಸ್ಲಿಮ್ ಆರೋಗ್ಯದ ಲಕ್ಷಣ. ನೀವು ಹ್ಯಾಗರ್ಡ್. ಬನ್ನಿ, ಬೆಳಕಿಗೆ ಬನ್ನಿ.” ಟ್ಯೂಬ್‌ಲೈಟಿನ ಕೆಳಗೆ ನಿಲ್ಲಿಸಿ ಸುತ್ತಲೂ ಒಂದು ಪ್ರದಕ್ಷಿಣೆ ಬಂದರು. “ಗಲ್ಲ ನೋಡಿದ್ರೆ ಗಾಂಟ್.”

“ಕೈ ನೋಡಿ ಸರ್, ಸ್ಕ್ರಾನಿ” ಎಂದರು ಕ್ಯಾಲೊರಿ ಮೇಡಂ, ತಮ್ಮ ಅನುಭವದಿಂದ.

“ಕೊರಳ ಮೂಳೆ ನೋಡಿ ಮಾತಾಡಿ ಮೇಡಂ. ಎಮೇಸಿಯೇಟೆಡ್! ಹಿಂದಕ್ಕೆ ತಿರುಗಮ್ಮ ಸ್ವಲ್ಪ.”

ಅವಳು ತಿರುಗಿದಳು. ಜನ ಸೇರಿದರು. ಮಾರುಕಟ್ಟೆಯಲ್ಲಿ ಹಸುವಿನ ಹಲ್ಲು ನೋಡುವವರ ಹಾಗೆ ಒಬ್ಬೊಬ್ಬರು ಒಂದೊಂದು ಕಡೆಯಿಂದ ನೋಡಿ ತಮ್ಮ ಬೆಲೆ ಹೇಳಿದರು. ಕೊನೆಗೆ ಒತ್ತಕ್ಷರ, ಪದಗಳನ್ನು ಹೀಗೆ ಚೆಲ್ಲಾಪಿಲ್ಲಿ ಹೇಳಬಾರದೆಂದು ಗದರಿ, ಹಗುರದಿಂದ ಭಾರಕ್ಕೆ ಸಾಲಾಗಿ ಹೇಳಿಕೊಟ್ಟರು. ಥಿನ್, ಸ್ಲಿಮ್, ಲೀನ್, ಸ್ಕಿನಿ, ಬೋನಿ, ಸ್ಕ್ರಾನಿ, ಅಂಡರ್‌ವೇಟ್, ಹ್ಯಾಗರ್ಡ್, ಗಾಂಟ್, ವೇಸ್ಟೆಡ್, ಎಮೇಸಿಯೇಟೆಡ್. ಹನ್ನೊಂದು ಗೆಣ್ಣು ತುಂಬಿತು.

“ಇನ್ನೊಂದಿದ್ರೆ ಚೆನ್ನಾಗಿತ್ತು” ಎಂದಳು ಅವಳು.

“ಇದೆ. ಅಷ್ಟು ದೂರ ನೀವಿನ್ನೂ ಹೋಗಿಲ್ಲ” ಎಂದರು ಒತ್ತಕ್ಷರ. ಆದರೆ ವಿದ್ಯೆ ಒಳಗೆ ನಿಲ್ಲಲಿಲ್ಲ. “ಕೆಡಾವರಸ್” ಎಂದು ಮೆಲ್ಲಗೆ ಅಂದು ಸೀಟಿಗೆ ಹೋದರು.

ತೋರುಬೆರಳಿನ ತುದಿಯ ಗೆಣ್ಣು. ಹನ್ನೆರಡು.

ಅವಳು ಮೇಜಿಗೆ ಮರಳುವಷ್ಟರಲ್ಲಿ ಇನ್ನೊಂದು ಪೀಕಲಾಟ ಕಾದಿತ್ತು. ಪದಮ್ಮ ಹಸಿದುಕೊಂಡು ಮೇಜು ಮೇಜು ತಿರುಗುತ್ತಿದ್ದಾಳೆಂದು ಸುದ್ದಿಯಾಗಿ, ಜನ ಅವಳ ಕೀಬೋರ್ಡಿನ ಮೇಲೆ ತಮ್ಮ ಡಬ್ಬಿಗಳನ್ನು ಇಟ್ಟುಹೋಗಿದ್ದರು. ಒಂಬತ್ತು ಡಬ್ಬಿ. ಕ್ಯಾಲೊರಿ ಮೇಡಮ್ಮಿನ ಸೊಪ್ಪು ಎಲ್ಲಕ್ಕೂ ಮೇಲೆ. “ನಮ್ಮೆದುರಿಗೇ ತಿನ್ಬೇಕು” ಎಂದು ಮೂವರು ಕುರ್ಚಿ ಎಳೆದು ಕೂತರು. ಎಂಟು ತಿಂಗಳು ಒಬ್ಬನಿಗೆ ಚಮಚದಲ್ಲಿ ಉಣ್ಣಿಸಿದವಳು, ಈಗ ತಾನೇ ಬಾಯಿ ತೆರೆದು ಕೂತಳು. ನಾಲ್ಕನೇ ತುತ್ತಿಗೇ ಎದ್ದಳು. ಬಚ್ಚಲಿಗೆ ಓಡಿದಳು.

ಅಲ್ಲಿಂದ ನೇರ ಡಾಕ್ಟರ ಕೋಣೆಗೆ. ಡಾಕ್ಟರು ಅವಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಮುಳ್ಳು ಒಲ್ಲದ ಮನಸ್ಸಿನಿಂದ ಸ್ವಲ್ಪ ಅಲ್ಲಾಡಿತು.

“ಏನಮ್ಮ, ಊಟ ಮಾಡ್ತಿಲ್ವಾ?”

“ಮಾಡ್ತೀನಿ ಸರ್.”

ಅವರು ಅವಳ ಕಡತದಲ್ಲಿ ರಜೆಯ ಕಾರಣ ಓದಿದರು. ಕಡತ ಮುಚ್ಚಿದರು. “ಸ್ವಲ್ಪ ತೆಳು, ಅಷ್ಟೇ. ಇದಕ್ಕೆಲ್ಲ ಕೆಲಸ ತಪ್ಪಿಸೋಕಾಗತ್ತಾ? ಸರಿ ಅಂತ ಹೇಳ್ಬಿಡ್ತೀನಿ, ಹೋಗು” ಎಂದು ಪುಟ್ಟ ಯಂತ್ರ ತೆಗೆದು ಕಿಟಕಿಯ ಕಡೆ ತಿರುಗಿ ಗೊಣಗಿದರು.

ಎಷ್ಟೋ ದಿನಗಳ ಮೇಲೆ ಅವಳಿಗೆ ಸಲೀಸಾಗಿ ಉಸಿರಾಡಿದಂತಾಯಿತು. ಅರ್ಧ ಗೆದ್ದಾಗಿತ್ತು.

ಮೂರಕ್ಕೆ ಪರೀಕ್ಷೆ. ಮೇಲ್ವಿಚಾರಕರು ಉದ್ದಕ್ಕಿದ್ದರು, ಮಾತನ್ನೂ ಉದ್ದಕ್ಕೆ ಎಳೆಯುತ್ತಿದ್ದರು. ಎಲ್ಲರ ಬಾಯಲ್ಲಿ ‘ದೀರ್ಘ’. “ನೋಡೀಮ್ಮಾ, ಹನ್ನೆರಡು ದನಿ, ಹನ್ನೆರಡು ವರದಿ, ಒಂದು ಪುಟಾ. ಕಳಿಸಿದ ವರದಿ ವಾಪಸ್ ಬರಲ್ಲಾ. ಮಾತು ಎರಡು ಸಲ ಬಂತೋ, ಅಲ್ಲಿಗೇ ಮುಗೀತೂ” ಎಂದು ಅವಳ ಕಿವಿಗೆ ಹೆಡ್‌ಫೋನು ಹಾಕಿದರು.

ಮೊದಲ ರೋಗಿ ಮುದುಕ. ಡಾಕ್ಟರು ಥಿನ್ ಅಂದರು. ಅವಳು ಥಿನ್ ಬರೆದಳು. ಎರಡನೆಯವಳೂ ಥಿನ್. ಅವಳು ಸ್ಲಿಮ್ ಬರೆದಳು. ಗೆಣ್ಣಿನಿಂದ ಗೆಣ್ಣಿಗೆ ಹೆಬ್ಬೆರಳು ಸರಿಯಿತು. ಏಳನೇ ವಾರ್ಡು ಅವಳ ಬೆರಳಡಿ ಸಾಲಾಗಿ ಸೊರಗುತ್ತ ಹೋಯಿತು. ಹನ್ನೊಂದನೆಯದು ಎಮೇಸಿಯೇಟೆಡ್. ವಾರ್ಡಿನಲ್ಲಿ ಉಳಿದಿದ್ದವರು ಅಷ್ಟೇ ಜನ. ಪುಟ ತುಂಬಲೆಂದು ದೀರ್ಘರು ಇವತ್ತಿನ ದನಿಗಳಲ್ಲಿ ಕೈಗೆ ಸಿಕ್ಕ ಇನ್ನೊಂದನ್ನು ಕೊನೆಗೆ ಸೇರಿಸಿದ್ದರು.

ಹನ್ನೆರಡನೆಯ ದನಿ ಶುರುವಾಯಿತು. “ಸಿಬ್ಬಂದಿ ಸಂಖ್ಯೆ ನಲವತ್ತೊಂದು. ಹೆಣ್ಣು, ವಯಸ್ಸು ಮೂವತ್ತೊಂದು. ಥಿನ್. ಬಾಕಿ ಎಲ್ಲ ಸರಿ. ಕಾಯಂ ಮಾಡಬಹುದು.”

ನಲವತ್ತೊಂದು ಅವಳೇ.

ಅವಳ ಹೆಬ್ಬೆರಳು ತೋರುಬೆರಳಿನ ತುದಿಯಲ್ಲಿ ನಿಂತಿತ್ತು. ಥಿನ್ ಎಂದು ಬರೆಯುವಂತಿಲ್ಲ, ಅದನ್ನು ಮುದುಕನಿಗೆ ಕೊಟ್ಟಾಗಿದೆ. ಸ್ಲಿಮ್ ಯಾರಿಗೋ ಹೋಗಿದೆ. ಲೀನ್ ಹೋಗಿದೆ. ಹಗುರವಾದದ್ದನ್ನೆಲ್ಲ ಪರರಿಗೆ ಧಾರಾಳವಾಗಿ ಹಂಚಿ, ತನ್ನ ಪಾಲಿಗೆ ಒಂದೇ ಒಂದನ್ನು ಉಳಿಸಿಕೊಂಡಿದ್ದಳು. ಅದರ ಅರ್ಥವೂ ಅವಳಿಗೆ ಸರಿಯಾಗಿ ಗೊತ್ತಿರಲಿಲ್ಲ. ತನಗೇ ಗೊತ್ತಿಲ್ಲದ್ದು ಇನ್ನಾರಿಗೆ ಗೊತ್ತಿರುತ್ತದೆ ಎಂದುಕೊಂಡಳು. ಕೆಡಾವರಸ್, ಬಾಕಿ ಎಲ್ಲ ಸರಿ, ಎಂದು ಬರೆದು ಕಳಿಸಿದಳು.

“ಹನ್ನೆರಡಕ್ಕೆ ಹನ್ನೆರಡೂ!” ದೀರ್ಘರು ಪುಟವನ್ನು ಎತ್ತಿ ಎಲ್ಲರಿಗೂ ತೋರಿಸಿದರು. ಕಾವಲುಗಾರ ಚಪ್ಪಾಳೆ ಹೊಡೆದ. “ಇಪ್ಪತ್ತು ವರ್ಷದಲ್ಲಿ ಇಂಥಾ ಪುಟ ನೋಡಿಲ್ಲಾ. ಈ ಕೊನೇದೇನಮ್ಮಾ, ಭಾರೀ ಪದ ಹಾಕಿದೀರೀ? ಒತ್ತಕ್ಷರಾ, ಏನ್ರೀ ಇದರರ್ಥಾ?”

ಒತ್ತಕ್ಷರರಿಗೆ ಅಂಥ ಪ್ರಶ್ನೆ ಕೇಳಬಾರದಿತ್ತು. “ಹೆಣದ ಹಾಗೆ” ಎಂದರು, ಹೆಮ್ಮೆಯಿಂದ.

ದೀರ್ಘರು ಸಂಖ್ಯೆ ನೋಡಿದರು. ಅವಳನ್ನು ನೋಡಿದರು. ಮತ್ತೆ ಪುಟ ನೋಡಿದರು. ಅವರ ದನಿ ಮೊದಲ ಬಾರಿಗೆ ಗಿಡ್ಡವಾಯಿತು. “ಇದು ನಿಮ್ಮ ಆರೋಗ್ಯದ ವರದಿ.”

“ಡಾಕ್ಟರು ಥಿನ್ ಅಂದ್ರು ಸರ್. ಅಷ್ಟೇ ಅಂದಿದ್ದು. ದನಿ ಕೇಳಿ ಬೇಕಾದ್ರೆ.”

“ನನಗೆ ಗೊತ್ತಮ್ಮಾ. ಆದ್ರೆ ಮೇಲಿನೋರು ದನಿ ಕೇಳಲ್ಲಾ, ಪುಟ ಓದ್ತಾರೆ. ಕಳಿಸಿದ್ದು ವಾಪಸ್ ಬರಲ್ಲಾ.” ಅವರು ಗೋಡೆಯ ಕಡೆ ನೋಡಿದರು. ಅಲ್ಲಿ ಹೆಡ್‌ಮಾಸ್ತರ ನಿಯಮ ಹಾಗೇ ಇತ್ತು. “ಹೆಣದಂತಿದ್ದಾರೆ, ಬಾಕಿ ಎಲ್ಲ ಸರಿ. ಇಂಥೋರನ್ನ ಕಾಯಂ ಮಾಡಿ ಅಂತ ನಾನು ಹೇಗಮ್ಮಾ ಸಹಿ ಹಾಕ್ಲೀ? ಪರೀಕ್ಷೆ ಪಾಸಾಗಿದೀರಿ, ಅದರಲ್ಲಿ ಎರಡು ಮಾತಿಲ್ಲಾ. ತಿಂಗಳ ಕೊನೆಗೆ ಹೋಗಿ, ಚೆನ್ನಾಗಿ ತಿಂದು, ಮೈ ತುಂಬ್ಕೊಂಡು ಬನ್ನಿ. ಹಂಗಾಮಿಯಾಗಿ ಮೊದಲಿಂದ ಸೇರಿಸ್ಕೊಳ್ತೀವೀ.”

ಅವಳು ಡಬ್ಬಿ ಎತ್ತಿಕೊಂಡು ಮನೆಗೆ ಬಂದಳು. ಬಾಗಿಲಲ್ಲಿ ದರ್ಜಿ ಅಕ್ಕ ಹೊಲಿದ ಅಂಗಿ ಹಿಡಿದು ಕೂತಿದ್ದಳು, ಪಕ್ಕದಲ್ಲಿ ಅತ್ತೆ. ಇಬ್ಬರ ನಡುವೆ ಕಂದು ರಟ್ಟಿನ ದಪ್ಪ ಪುಸ್ತಕ.

“ಅಂಗಿ ಆಯ್ತು ನೋಡೇ. ಇನ್ನು ಇದು ನಿಮ್ಮದೇ, ಇಟ್ಕೊಳ್ಳಿ. ನನ್ನ ಇಸ್ತ್ರಿಪೆಟ್ಟಿಗೆ ರಿಪೇರಿಯಾಗಿ ಬಂತು, ಬಟ್ಟೆ ಮೇಲೆ ಹೇರೋಕೆ ಅದೇ ಸಾಕು.”

“ನಮ್ಮದಾ?”

“ಅವನ ದಿಂಬಿನಡಿ ಇತ್ತು” ಎಂದರು ಅತ್ತೆ. “ಹಾಸಿಗೆ ತೆಗೆಯೋವಾಗ ಸಿಕ್ತು. ಇವಳು ಭಾರದ್ದೇನಾದ್ರೂ ಇದ್ರೆ ಕೊಡಿ ಅಂದ್ಲು. ಈ ಮನೇಲಿ ದಪ್ಪಗಿದ್ದದ್ದು ಅದೊಂದೇ, ಕೊಟ್ಟೆ. ಹಳೇ ಲೆಕ್ಕದ ಪುಸ್ತಕ ಅಂದ್ಕೊಂಡಿದ್ದೆ.”

ರಟ್ಟು ಬಿಚ್ಚಿದರೆ ಗ್ರಂಥಾಲಯದ ಮೊಹರು, ೬೧೪. ಇಂಗ್ಲಿಷ್ ಸಮಾನಾರ್ಥಕ ಪದಗಳ ಕೋಶ. ಕೆಮ್ಮು, ಊತ, ಉರಿ, ಅವಳ ಮೂರು ವರ್ಷದ ಚೀಟಿಗಳ ಪದಗಳೆಲ್ಲ ಅದರಲ್ಲೇ ಅಚ್ಚಾಗಿದ್ದವು. ಪುಸ್ತಕ ತಾನಾಗಿ ಒಂದು ಕಡೆ ತೆರೆದುಕೊಂಡಿತು. ಥಿನ್ ಎಂಬ ಪುಟ. ಪದಗಳ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಅವನ ಅಚ್ಚುಕಟ್ಟಾದ ಅಕ್ಷರ.

ಸ್ಲೆಂಡರ್ ಪಕ್ಕ: ಜನವರಿ ಒಂಬತ್ತು. ಇವಳು ಹೊಗಳಿದಳು, ಹೊಟ್ಟೆ ಕರಗಿ ಮದುವೆ ದಿನದ ಹಾಗೆ ಕಾಣ್ತೀರಿ ಅಂತ.

ಸ್ಕಿನಿ ಪಕ್ಕ: ಮಾರ್ಚ್ ಎರಡು. ಬೆಲ್ಟಿಗೆ ಹೊಸ ತೂತು.

ಗಾಂಟ್: ಏಪ್ರಿಲ್ ಹದಿನೆಂಟು. ಪಾಠಶಾಲೆಗೆ ಕೊನೆಯ ದಿನ. ಇವತ್ತು ಯಾರೂ ಗಲಾಟೆ ಮಾಡಲಿಲ್ಲ.

ಎಮೇಸಿಯೇಟೆಡ್: ಜೂನ್ ಮೂವತ್ತು. ಉಂಗುರ ನಿಲ್ಲುತ್ತಿಲ್ಲ, ತೆಗೆದಿಟ್ಟೆ. ಇವಳು ನೋಡಿಲ್ಲ.

ಕೆಡಾವರಸ್ ಮುಂದೆ ತಾರೀಖು ಇರಲಿಲ್ಲ. ಒಂದು ಪ್ರಶ್ನೆ ಚಿಹ್ನೆ ಮಾತ್ರ.

ಚೀಟಿ ಏಕೆ ಬರಲಿಲ್ಲವೆಂದು ಅವಳಿಗೆ ಗೊತ್ತಾಯಿತು. ಆ ಒಂದು ಪುಟವನ್ನು ಅವನು ತಾನೊಬ್ಬನೇ ಬಳಸಿಕೊಳ್ಳುತ್ತಿದ್ದ.

ಗ್ರಂಥಾಲಯಕ್ಕೆ ತಲುಪಿದಾಗ ಆರೂಕಾಲು. ಗ್ರಂಥಪಾಲಕಿ ಕನ್ನಡಕ ಏರಿಸಿಕೊಂಡು ಪುಟ ತಿರುವಿದರು. ಅಲ್ಲಿಗೆ ಬಂದು ನಿಂತರು. “ಗೀಚಿದ ಪುಸ್ತಕ ನಾವು ವಾಪಸ್ ತಗೊಳ್ಳಲ್ಲಮ್ಮ. ಅಳಿಸಿಕೊಡ್ಬೇಕು. ಬರೆದವರೇ ಅಳಿಸ್ಬೇಕು ಅಂತ ನಿಯಮ, ಅವರನ್ನ ಕಳಿಸಿ.”

“ಅವರು ಬರೋ ಹಾಗಿಲ್ಲ.”

“ಊರಲ್ಲಿಲ್ವಾ?”

“ಇಲ್ಲ.”

“ಸರಿ, ನೀವೇ ಅಳಿಸಿ. ಹದಿನೈದು ನಿಮಿಷ ಇದೆ.” ಮೇಜಿನ ಖಾನೆಯಿಂದ ಸವೆದ ರಬ್ಬರೊಂದನ್ನು ತೆಗೆದು ಕೊಟ್ಟರು.

ಅವಳು ಕೆಳಗಿನಿಂದ ಶುರುಮಾಡಿದಳು. ಪ್ರಶ್ನೆ ಚಿಹ್ನೆ ಹೋಯಿತು. ಜೂನ್ ಹೋಯಿತು, ಉಂಗುರ ಬೆರಳಿಗೆ ಬಂತು. ಏಪ್ರಿಲ್ ಹೋಯಿತು, ಪಾಠಶಾಲೆಯ ಹುಡುಗರು ಗಲಾಟೆ ಮಾಡಿದರು. ಬೆಲ್ಟಿನ ತೂತು ಮುಚ್ಚಿಕೊಂಡಿತು. ಒಂದೊಂದೇ ಗೆರೆಗೆ ಅವನು ಮೈ ತುಂಬಿಕೊಳ್ಳುತ್ತ ಮೇಲಕ್ಕೆ ಬಂದ. ಜನವರಿ ಒಂಬತ್ತರ ಹತ್ತಿರ ಅವಳ ಕೈ ನಿಂತಿತು.

“ಅದೊಂದು ಉಳೀತಲ್ಲಮ್ಮ” ಎಂದರು ಗ್ರಂಥಪಾಲಕಿ, ಬೀಗದ ಗೊಂಚಲು ಹುಡುಕುತ್ತ.

ಅವಳು ಅದನ್ನೂ ಅಳಿಸಿದಳು.

ಗ್ರಂಥಪಾಲಕಿ ರಬ್ಬರಿನ ಪುಡಿಯನ್ನು ಉಫ್ ಎಂದು ಊದಿ, ಪುಟವನ್ನು ದೀಪಕ್ಕೆ ಓರೆಯಾಗಿ ಹಿಡಿದು ನೋಡಿದರು. “ಹಾಂ, ಈಗ ಸರಿಯಾಯ್ತು. ಯಾರೂ ಮುಟ್ಟೇ ಇಲ್ಲ ಅನ್ನೋ ಹಾಗಿದೆ” ಎಂದು ಮೆಚ್ಚಿ, ಮೊಹರು ಒತ್ತಿ, ಪುಸ್ತಕವನ್ನು ಅದರ ಜಾಗದಲ್ಲಿ ಇಟ್ಟರು.